ಅಂಗಳದ ಗುಂಡುಕಲ್ಲು ತಳ್ಳಿದ್ದು

ಮುಖದ ನಗೆ ಕೆಡಿಸಿಕೊಳ್ಳದೆ, ಹಿಡಿದ ಕೆಲಸ ಬಿಡದೆ ಇದ್ದರೆ ಲೋಕದಲ್ಲಿ ಆಗದ್ದು ಯಾವುದೂ ಇಲ್ಲ ಎಂದು ತಿಳಿದವರು ಹೇಳುತ್ತಾರೆ. ಹೇಳಲಿ, ನನ್ನ ತಕರಾರಿಲ್ಲ. ಆದರೆ ಹಾಗೆ ಹೇಳುವವರಲ್ಲಿ ಬಹಳ ಮಂದಿ ಕಟ್ಟೆಯ ಮೇಲೆ ಕಾಲು ಚಾಚಿ, ಎಲೆಯಡಿಕೆ ಮೆಲ್ಲುತ್ತ ಹೇಳುವವರು. ನಮ್ಮ ಅಜ್ಜ ಅಂಥವರಲ್ಲ. ಅವರು ಆ ಮಾತನ್ನು ಅಕ್ಷರಶಃ ನಂಬಿದರು. ನಂಬಿದ್ದರ ಫಲವಾಗಿ ನಮ್ಮ ಮನೆಯವರೆಲ್ಲ ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ರೊಟ್ಟಿಗೆ ಕೈ ಹಾಕುವ ಮೊದಲು, ಅಂಗಳದ ಗುಂಡುಕಲ್ಲನ್ನು ತಳ್ಳಬೇಕಾಗಿತ್ತು.

ನಮ್ಮದು ಕಡ್ಡಿರಾಂಪುರ. ಈ ಕಡೆ ಮನೆ ಕಟ್ಟುವವರು ಮೊದಲು ಕಲ್ಲಿಲ್ಲದ ಜಾಗ ಹುಡುಕುತ್ತಾರೆ, ಸಿಗದಿದ್ದಾಗ ಕಲ್ಲಿನ ಸುತ್ತ ಕಟ್ಟುತ್ತಾರೆ. ಅಜ್ಜ ಕಟ್ಟಿದ್ದೂ ಹಾಗೆಯೇ. ಅಂಗಳದ ನಟ್ಟನಡುವೆ, ಆನೆಯೊಂದು ಕಾಲು ಮಡಚಿ ಮಲಗಿದಷ್ಟು ಗಾತ್ರದ ಕಲ್ಲು. ಒಡೆಸಿಬಿಡಿ ಎಂದು ಯಾರಾದರೂ ಅಂದರೆ ಅಜ್ಜನಿಗೆ ಕನಿಕರ ಬರುತ್ತಿತ್ತು. "ಒಡಿಯೋದು ಸೋತೋರ ಕೆಲಸಪ್ಪ. ನಮಗೇನು ಅವಸರ? ಕಲ್ಲಿಗೂ ಮನಸು ಬರಬೇಕಲ್ಲ," ಎನ್ನುತ್ತಿದ್ದರು.

ಕಲ್ಲು ಎಷ್ಟು ಸರಿಯಿತೆಂದು ತಿಳಿಯಲು ಅದರ ಬುಡದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಅಜ್ಜಿ ದಿನಾ ಅಂಗಳ ಸಾರಿಸುವಾಗ ಆ ಗೆರೆ ಅಳಿಸಿಹೋಗುತ್ತಿತ್ತು. ಆಕೆ ಅಂದಾಜಿನ ಮೇಲೆ ಮತ್ತೊಂದನ್ನು ಎಳೆಯುತ್ತಿದ್ದಳು. ಹೀಗಾಗಿ ನಮ್ಮ ಕಲ್ಲು ಒಂದು ದಿನ ಗೇಣುದ್ದ ಮುಂದೆ ಹೋಗಿರುತ್ತಿತ್ತು, ಇನ್ನೊಂದು ದಿನ ಅಷ್ಟೇ ಹಿಂದೆ ಬಂದಿರುತ್ತಿತ್ತು. ಮುಂದೆ ಹೋದ ದಿನ ಅಜ್ಜ ಮನೆಮಂದಿಯ ಬೆನ್ನು ತಟ್ಟುತ್ತಿದ್ದರು. ಹಿಂದೆ ಬಂದ ದಿನವೂ ಬೇಸರಪಡುತ್ತಿರಲಿಲ್ಲ. "ನಿದ್ದಿಗಣ್ಣಾಗ ಮಗ್ಗಲ ಬದಲಿಸೈತಿ, ಪಾಪ," ಎಂದು ಅದರ ಪರವಾಗಿ ತಾವೇ ಸಮಾಧಾನ ಹೇಳುತ್ತಿದ್ದರು. ಗೆರೆಯ ಸಂಗತಿ ಅವರಿಗೆ ಹೇಳಬಾರದೇ ಎಂದು ನಾನೊಮ್ಮೆ ಅಜ್ಜಿಯನ್ನು ಕೇಳಿದೆ. "ಸುಮ್ನಿರಲೇ. ಮುಂಜಾನೆ ಕಲ್ಲಿನ ಕೂಡ ಗುದ್ದಾಡಿದ್ರ ದಿನವೆಲ್ಲ ನನ್ನ ಕೂಡ ಗುದ್ದಾಡಂಗಿಲ್ಲ," ಎಂದಳು.

ಇಷ್ಟೇ ಆಗಿದ್ದರೆ ಕಲ್ಲು ಎಂದಾದರೂ ನಾಚಿಕೊಂಡು ಸರಿಯುತ್ತಿತ್ತೋ ಏನೋ. ಆದರೆ ನಮ್ಮ ಚಿಕ್ಕಪ್ಪನೂ ಅಜ್ಜನ ಮಗನೇ ತಾನೇ. ಕಲ್ಲು ಹಿತ್ತಲಿಗೆ ಹೋಗಬೇಕು, ಅರಿವೆ ಒಗೆಯಲು ಅನುಕೂಲ ಎಂದು ಅಜ್ಜನ ಹಟ. ಬೀದಿಗೆ ಹೋಗಬೇಕು ಎಂದು ಚಿಕ್ಕಪ್ಪನ ಹಟ. "ಬೀದಿಗೆ ಬಿತ್ತು ಅಂದ್ರ ಸರ್ಕಾರದ್ದಾತು. ಆಮ್ಯಾಲೆ ಮದ್ರಾಸಿನೋರು ಬಂದು ನೋಡಿಕೊಳ್ಳಲಿ," ಎಂಬುದು ಅವರ ವಾದ; ಆಗ ನಮ್ಮ ಸೀಮೆ ಮದ್ರಾಸ್ ಸರ್ಕಾರದ ಕೈಯಲ್ಲಿತ್ತು. ಈ ಜಗಳದಲ್ಲಿ ಮನೆ ಒಡೆಯುವ ಹೊತ್ತು ಬಂದಾಗ ಅಜ್ಜಿಯೇ ನ್ಯಾಯ ಹೇಳಿದಳು: ಅವರವರಿಗೆ ಬೇಕಾದ ಕಡೆಗೆ ಅವರವರು ತಳ್ಳಲಿ. ಅಂದಿನಿಂದ ಅಜ್ಜ ಮತ್ತು ಅಪ್ಪ ಬೀದಿಯ ಕಡೆ ನಿಂತು ಹಿತ್ತಲಿನತ್ತ ತಳ್ಳಿದರು, ಚಿಕ್ಕಪ್ಪ ಹಿತ್ತಲ ಕಡೆ ನಿಂತು ಬೀದಿಯತ್ತ ತಳ್ಳಿದರು. ಎರಡು ಕಡೆಯವರೂ ಪ್ರತಿದಿನ ಗೆದ್ದು ಏಳುತ್ತಿದ್ದರು. ತಾವೊಂದು ದಿನ ಕೈ ಬಿಟ್ಟಿದ್ದರೆ ಅದು ಬೀದಿಪಾಲಾಗುತ್ತಿತ್ತು ಎಂದು ಅಜ್ಜನಿಗೆ ಹೆಮ್ಮೆ. ತಾವಿಲ್ಲದಿದ್ದರೆ ಅದು ಹಿತ್ತಲು ಸೇರುತ್ತಿತ್ತು ಎಂದು ಚಿಕ್ಕಪ್ಪನಿಗೆ. ಇಷ್ಟು ಸಂತೋಷದಿಂದ ಸೋತ ಮನೆ ಇನ್ನೊಂದಿರಲಾರದು.

ನನ್ನ ಕಷ್ಟ ಬೇರೆ. ನನಗೆ ಮದುವೆಯ ವಯಸ್ಸಾಗಿ, ಸ್ವಲ್ಪ ಮೀರುತ್ತಲೂ ಇತ್ತು. ಸಂಡೂರಿನಿಂದ ಮನೆತನ ನೋಡಲು ಬಂದವರು ನಮ್ಮ ಬೆಳಗಿನ ಕಾರ್ಯಕ್ರಮ ಕಂಡು, ಕೊಟ್ಟ ಮಂಡಕ್ಕಿಯನ್ನು ಮುಟ್ಟದೆ ಎದ್ದುಹೋಗಿದ್ದರು. ಹೊಸಪೇಟೆಯ ಸಂತೆಯಲ್ಲಿ ನಮ್ಮ ಮನೆಗೆ ಹುಚ್ಚರ ಮನೆ ಎಂಬ ಹೆಸರು ಬಿದ್ದಿತ್ತು. ಅಷ್ಟರಲ್ಲಿ ಕಂಪ್ಲಿಯ ಅಕ್ಕಿ ಗಿರಣಿಯ ಸಾಹುಕಾರ ಮಲ್ಲಪ್ಪನವರು ತಮ್ಮ ಮಗಳು ನೀಲಮ್ಮನಿಗೆ ನನ್ನನ್ನು ನೋಡಲು ಬರುವ ಸುದ್ದಿ ಬಂತು. ನೀಲಮ್ಮನನ್ನು ನಾನು ಒಂದು ಮದುವೆಯಲ್ಲಿ ಕಂಡಿದ್ದೆ. ಅಡುಗೆಯವನಿಗೆ ಸಾರಿನ ಉಪ್ಪಿನ ವಿಷಯದಲ್ಲಿ ಏನೋ ಹೇಳುತ್ತಿದ್ದಳು. ಆಕೆ ಹೇಳಿದ ರೀತಿಗೆ ಆ ಸಾರನ್ನು ನಾನು ಮೂರು ಸಲ ಹಾಕಿಸಿಕೊಂಡಿದ್ದೆ. ಈ ಸಂಬಂಧವೂ ತಪ್ಪಿದರೆ ನಾನು ಸನ್ಯಾಸಿಯಾಗಿ ಹಂಪಿಯ ಯಾವುದಾದರೂ ಮಂಟಪ ಹಿಡಿಯಬೇಕು ಎಂದು ನಿಶ್ಚಯಿಸಿಬಿಟ್ಟೆ. ಕಲ್ಲು ತಳ್ಳುವ ಮನೆಯವನಿಗೆ ಎಲ್ಲವೂ ಗಟ್ಟಿ ನಿಶ್ಚಯವೇ.

"ಅಜ್ಜಾ, ಅವತ್ತು ಒಂದಿನ ತಳ್ಳೋದು ಬ್ಯಾಡ," ಎಂದು ಕಾಲಿಗೆ ಬಿದ್ದೆ.

"ಒಂದಿನ ಬಿಟ್ರ ಇಷ್ಟು ದಿನ ತಳ್ಳಿದ್ದು ನೀರಾಗ ಹೋತಲ್ಲಲೇ. ಅವರು ಬರೋದು ಮಧ್ಯಾಹ್ನ. ಅಷ್ಟೊತ್ತಿಗೆ ನಾವು ಮುಗಿಸಿ, ಕೈಕಾಲು ತೊಳಕೊಂಡು ಶಾಣ್ಯಾರಂಗ ಕುಂತಿರ್ತೀವಿ," ಎಂದರು.

ಸಾಹುಕಾರರು ಕಮಲಾಪುರದಲ್ಲಿ ತಂಗಿ, ಊಟ ಮಾಡಿ ಬರುವುದೆಂದು ಮಾತಾಗಿತ್ತು. ಆದರೆ ಬಂಡಿ ಹೊಡೆಯುವವನಿಗೆ ತೂಕಡಿಕೆ ಬಂದು, ಎತ್ತುಗಳು ಕಮಲಾಪುರ ದಾಟಿದ್ದೇ ತಿಳಿಯದೆ, ನಾವೆಲ್ಲ ಕಲ್ಲಿಗೆ ಕೈ ಹಚ್ಚಿ ಹಲ್ಲು ಕಚ್ಚಿದ ಹೊತ್ತಿಗೆ ಸರಿಯಾಗಿ ಸಾಹುಕಾರರು ನಮ್ಮ ಬಾಗಿಲಲ್ಲಿ ನಿಂತಿದ್ದರು. ಜರಿಯ ರುಮಾಲು, ಕರಿ ಕೋಟು, ಕೈಯಲ್ಲಿ ಬೆತ್ತ.

ಅಜ್ಜ ಕಲ್ಲಿನಿಂದ ಕೈ ತೆಗೆಯಲಿಲ್ಲ. "ಬರ್ರಿ ಸಾವ್ಕಾರ್ರ. ಕುಂದ್ರಿ ಅಂತ ಆಮ್ಯಾಲೆ ಹೇಳ್ತೀನಿ. ಈಗ ಕೈ ಬಿಟ್ರ ನನ್ನ ಮಗ ಇದನ್ನ ನಿಮ್ಮ ಮ್ಯಾಲ ದಬ್ಬತಾನ."

ಸಾಹುಕಾರರು ಕಲ್ಲಿಗೆ ಒಂದು ಸುತ್ತು ಬಂದರು. "ಯಾವ ಕಡಿಗೆ ದಬ್ಬಾಕತ್ತೀರಿ?"

"ಹಿತ್ತಲಿಗ್ರಿ," ಎಂದರು ಅಜ್ಜ.

"ಬೀದಿಗ್ರಿ," ಎಂದರು ಚಿಕ್ಕಪ್ಪ ಆ ಕಡೆಯಿಂದ.

"ಮದುವಿ ಗಂಡು ಯಾರ ಕಡಿ?"

ನಾನು ಪಕ್ಕದಲ್ಲಿ ಕಲ್ಲಿಗೆ ಒರಗಿಕೊಂಡಿದ್ದೆ. ಸತ್ಯ ಹೇಳುವುದಾದರೆ, ಯಾವ ಕಡೆ ಬಿಸಿಲು ಬಂದಿರುವುದಿಲ್ಲವೋ ಅದೇ ನನ್ನ ಪಕ್ಷ. "ನಾನು ಎರಡೂ ಕಡಿಯೋರಿಗೆ ಬೇಕಾದೋನ್ರಿ," ಎಂದೆ.

ಸಾಹುಕಾರರು ಬಂಡಿಯವನ ಕೈಗೆ ರುಮಾಲು ಕೊಟ್ಟರು. ಕೋಟು ಕೊಟ್ಟರು. ಬೆತ್ತವನ್ನು ಕಲ್ಲಿಗೇ ಆನಿಸಿದರು. "ಆ ಕಡಿ ಇಬ್ಬರು, ಈ ಕಡಿ ಒಬ್ಬರು. ಇದು ಅನ್ಯಾಯ," ಎಂದು ಚಿಕ್ಕಪ್ಪನ ಪಕ್ಕ ನಿಂತು, ಗಿರಣಿಯಲ್ಲಿ ಅಕ್ಕಿ ಮೂಟೆಗೆ ಹೆಗಲು ಕೊಡುವಂತೆ ಹೆಗಲು ಕೊಟ್ಟರು. ಅಜ್ಜನಿಗೆ ರೋಷ ಬಂತು. ಬೀಗರಾಗುವವರು ಎದುರುಬದುರು ನಿಂತು ದಬ್ಬಾಡಿದ ಸಂಬಂಧ ಎಲ್ಲಿಯಾದರೂ ಕೂಡಿದ್ದುಂಟೇ? ಬಿಸಿಲೇರುವತನಕ ಇಬ್ಬರೂ ಬಿಡಲಿಲ್ಲ. ಕೊನೆಗೆ ಬೆತ್ತವೊಂದೇ ಜಾರಿ ಕೆಳಗೆ ಬಿತ್ತು.

"ಅಲುಗಾಡಿತು, ನೋಡಿದ್ರಿಲ್ಲೋ?" ಎಂದರು ಅಜ್ಜ.

"ನೋಡಿದೆ," ಎಂದು ಸಾಹುಕಾರರು ಏದುಸಿರು ಬಿಡುತ್ತ ಕಟ್ಟೆಯ ಮೇಲೆ ಕುಳಿತು, ಮಂಡಕ್ಕಿ ತರಿಸಿಕೊಂಡು, ತಟ್ಟೆ ಬರಿದು ಮಾಡಿ ಮತ್ತೊಮ್ಮೆ ಹಾಕಿಸಿಕೊಂಡರು. ಆಮೇಲೆ ಬಾಯಿ ಒರೆಸಿಕೊಂಡು ಹೇಳಿದರು: "ಅಜ್ಜಾರ, ಮುಚ್ಚಿಡೋದು ಬ್ಯಾಡ. ನಮ್ಮ ಹುಡುಗಿ ಒಲ್ಲೆ ಅಂದ್ಲು ಅಂದ್ರ ಬ್ರಹ್ಮ ಬಂದ್ರೂ ಕದಲಾಕಿ ಅಲ್ಲ. ನೋಡಾಕ ಬಂದೋರೆಲ್ಲ ಒಂದ ಗಳಿಗ್ಯಾಗ ಸಿಟ್ಟು ಮಾಡ್ಕೊಂಡು ಹೋದ್ರು. ಇಷ್ಟು ವರ್ಷ ಕದಲದ ಕಲ್ಲಿನ ಮ್ಯಾಲ ಸಿಟ್ಟು ಮಾಡ್ಕೊಳ್ಳದ ಮಂದಿ ನೀವು. ಇಂಥಾ ಮನಿ ನನಗ ಇನ್ನೆಲ್ಲಿ ಸಿಗತೈತಿ?"

ಹೀಗೆ ನನ್ನ ಮದುವೆಯಾಯಿತು. ಮರುದಿನ ಬೆಳಿಗ್ಗೆ ಅಜ್ಜ ಹೊಸ ಸೊಸೆಯನ್ನೂ ಕರೆದರು. ನೀಲಮ್ಮ ಬಂದಳು, ಕಲ್ಲನ್ನು ನೋಡಿದಳು, ನಮ್ಮನ್ನು ನೋಡಿದಳು. "ನಾ ತಳ್ಳಂಗಿಲ್ಲ," ಎಂದು ಸೆರಗು ಸಿಕ್ಕಿಸಿ ಕಲ್ಲಿನ ಮೇಲೆ ಹತ್ತಿ ಕುಳಿತು ಕೂದಲು ಒಣಗಿಸತೊಡಗಿದಳು. ನಾವೆಲ್ಲ ಮುಖ ಮುಖ ನೋಡಿಕೊಂಡು, ಅವಳು ಕೂತಿರುವಂತೆಯೇ ತಳ್ಳಿ ಮುಗಿಸಿದೆವು. ಅಜ್ಜ ಮಾತ್ರ ಗಲ್ಲದ ಮೇಲೆ ಕೈಯಿಟ್ಟು ಯೋಚಿಸಿ, ಮುಖ ಅರಳಿಸಿದರು. "ಭಾಳ ಚಲೋ ಆತು. ನಿನ್ನೆ ಬರೀ ಕಲ್ಲು ಇತ್ತು, ಇವತ್ತು ಮ್ಯಾಲ ಭಾರ ಕೂತೈತಿ. ಆದ್ರೂ ನಾವು ನಿನ್ನಿಗಿಂತ ಒಂದು ಚೂರೂ ಹಿಂದ ಬಿದ್ದಿಲ್ಲ. ಅಂದ್ರ ನಮ್ಮ ತಾಕತ್ತು ಏರೈತಿ ಅಂದಂಗಾತು."

ಮೇಲಿನಿಂದ ನೀಲಮ್ಮ ನಕ್ಕಳು. "ಹೌದ್ರಿ ಅಜ್ಜಾರ. ಇವರೊಬ್ಬರದು ಮಾತ್ರ ಏರಿಲ್ಲ," ಎಂದು ನನ್ನ ಕಡೆ ಬೆರಳು ತೋರಿಸಿದಳು.

ಹೊಸ ಹೆಂಡತಿಯ ಎದುರು ಯಾವ ಗಂಡಸು ಸುಮ್ಮನಿದ್ದಾನು? ಹುಟ್ಟಿದಾಗಿನಿಂದ ಮೊದಲ ಸಲ ನಾನು ನಿಜವಾಗಿ ತಳ್ಳಿದೆ. ಕಲ್ಲು ಕದಲಲಿಲ್ಲ. ನನ್ನ ಸೊಂಟದೊಳಗೆ ಏನೋ ಕದಲಿತು, ಎಲ್ಲರಿಗೂ ಕೇಳುವ ಹಾಗೆ. ಎತ್ತಿ ತಂದು ಬೋರಲಾಗಿ ಮಲಗಿಸಿದರು. ನೀಲಮ್ಮ ಕಲ್ಲಿನಿಂದ ಇಳಿದು ಬಂದು, ತಾನಾಗಿಯೇ, ಬಿಸಿ ಎಣ್ಣೆ ತಿಕ್ಕತೊಡಗಿದಳು. ಅಜ್ಜ ಮಂಚದ ಪಕ್ಕ ಕುಳಿತು ಸಂತೋಷದಿಂದ, "ಬಿಡದ ತಳ್ಳಿದ್ರ ಮನಿಯೊಳಗ ಏನಾರ ಒಂದು ಕದಲತೈತಿ ಅನ್ನೋದು ಈಗರ ಖಾತ್ರಿ ಆತಿಲ್ಲೋ?" ಎಂದು ಕೇಳಿದರು.

ಹೌದೆಂದು ತಲೆಯಾಡಿಸಲು ಹೋದೆ. ಅದೂ ಆಡಲಿಲ್ಲ.