ರೇಡಿಯೇಟರಿಗೆ ರಾಜಾಪುರಿ ಅರಿಶಿನ

ಇನ್ನು ಈ ಜನ್ಮದಲ್ಲಿ ಯಾವ ಗ್ಯಾರೇಜಿನವನ ಮುಂದೆಯೂ ಕೈಕಟ್ಟಿ ನಿಲ್ಲುವುದಿಲ್ಲ ಎಂದು ನಾನು ಪ್ರತಿಜ್ಞೆ ಮಾಡಿದ್ದು ಮಾಧವನಗರದ ನಮ್ಮ ಮನೆಯ ಅಂಗಳದಲ್ಲಿ, ಬನಿಯನ್ ಮತ್ತು ಲುಂಗಿಯಲ್ಲಿ, ತಾಯಿ ಮತ್ತು ಹೆಂಡತಿಯ ಸಮಕ್ಷಮದಲ್ಲಿ! ಘನವಾದ ಪ್ರತಿಜ್ಞೆಗಳನ್ನು ಇಸ್ತ್ರಿ ಬಟ್ಟೆಯಲ್ಲೇ ಮಾಡಬೇಕೆಂದು ಎಲ್ಲಿಯೂ ನಿಯಮವಿಲ್ಲ. ಚಪ್ಪಾಳೆ ಬೀಳಬಹುದೆಂದು ಒಂದು ಕ್ಷಣ ಕಾದೆ. ಬೀಳಲಿಲ್ಲ.

ಪ್ರತಿಜ್ಞೆಗೆ ಕಾರಣ ಹಸಿರು ನೀರು. ನಮ್ಮ ಹಳೆಯ ಕಾರು ನಿಲ್ಲುವುದು ಅವ್ವ ರಂಗೋಲಿ ಹಾಕುವ ಜಾಗದ ಪಕ್ಕದಲ್ಲಿ. ಕೆಲವು ದಿನಗಳಿಂದ ಕಾರಿನ ಮೂತಿಯ ಕೆಳಗಿನಿಂದ ಹಸಿರು ನೀರು ಹರಿದುಬಂದು, ಅವಳು ಬರೆದ ಕಮಲವನ್ನೆಲ್ಲ ಎಲೆಕೋಸು ಮಾಡುತ್ತಿತ್ತು.

“ಸಂಮೇದಾ, ನಿನ್ನ ಗಾಡಿ ಏನ್ ತಿಂದೈತೋ? ಹಸರ ಕಾರಾಕತ್ತೈತಿ,” ಎಂದಳು ಅವ್ವ.

“ಅದು ಏಸಿ ನೀರು ಅವ್ವಾ. ಥಂಡಿ ಹವಾದ್ದು.”

“ಏಸಿ ಕೆಟ್ಟು ವರ್ಷ ದಾಟ್ತರಿ,” ಎಂದಳು ಮೃಣಾಲ, ಬಟ್ಟೆ ಒಣಹಾಕುತ್ತ.

ಮೃಣಾಲ ನನ್ನ ಹೆಂಡತಿ. ಮಾತು ಕಡಿಮೆ. ಇರುವಷ್ಟನ್ನೂ ನನಗೇ ಮೀಸಲಿಟ್ಟಿದ್ದಾಳೆ.

ನಾನು ಕಾರಿನ ಕೆಳಗೆ ಹಳೆಯ ಪೇಪರು ಹಾಸಿ, ಟಾರ್ಚು ಹಿಡಿದು, ಅಂಗಾತ ಮಲಗಿ ಒಳಗೆ ತೂರಿದೆ. ಒಂದು ಹನಿ ಸರಿಯಾಗಿ ನನ್ನ ಮೂಗಿನ ಮೇಲೆ ಬಿತ್ತು. ಬೆರಳಿಗೆ ಹಚ್ಚಿ ಮೂಸಿದೆ. ಸಿಹಿ ವಾಸನೆ! “ಕೂಲಂಟ್! ಇಂಜಿನ್ ತಂಪ ಇಡೂ ನೀರು! ರೇಡಿಯೇಟರಿಗೆ ತೂತ ಬಿದ್ದೈತಿ!” ಎಂದು ಅಲ್ಲಿಂದಲೇ ಘೋಷಿಸಿದೆ. ಪಕ್ಕದಲ್ಲಿ ಮೃಣಾಲಳ ಮುಖ ತಲೆಕೆಳಗಾಗಿ ಕಾಣಿಸಿತು.

“ಆ ದಪ್ಪ ಪೈಪ್ ಐತೆಲ್ರಿ, ಅದರ ಕ್ಲಿಪ್ಪಿನ ಹಂತೇಲಿ ಹಸಿ ಕಾಣ್ತೈತಿ. ಅದು ಸಡಲ ಆಗೈತೇನ ನೋಡ್ರಿ.”

“ಕ್ಲಿಪ್ ವಿಚಾರ ನಿನ್ನ ತಲಿಕೂದಲಿಗೆ ಇಟ್ಕೋ. ಇದು ಇಂಜಿನ್!”

ಅವಳು ಮತ್ತೆ ಬಟ್ಟೆಯ ಕಡೆಗೆ ಹೋದಳು. ನಾನು ಗೆದ್ದೆನೆಂದುಕೊಂಡೆ.

ರೋಗ ಗೊತ್ತಾಯಿತು, ಇನ್ನು ಔಷಧ. ನನ್ನದು ಅರಿಶಿನದ ವ್ಯಾಪಾರ, ಅಜ್ಜನ ಕಾಲದಿಂದ ಬಂದದ್ದು. ನಮ್ಮ ಅಂಗಡಿಗೆ ಚೀಲ ತರುವ ಲಾರಿ ಡ್ರೈವರ್ ಗುರುಪಾದನ ಮುಂದೆ ವಿಷಯ ಎತ್ತಿದಾಗ ಅವನು ನಕ್ಕ. “ಒಂದ ಚಮಚ ಅರಿಷಿಣ ಹಾಕ್ರಿ ಸಾವಕಾರ್ರ, ತೂತ ಬಂದ್. ಗ್ಯಾರೇಜ್ ಮುಟ್ಟೂತನಕ ಅಡ್ಡಿ ಇಲ್ಲ.” ನನ್ನ ಕಿವಿ ಮೊದಲನೆಯ ವಾಕ್ಯವನ್ನು ಒಳಗೆ ಬಿಟ್ಟುಕೊಂಡು ಬಾಗಿಲು ಹಾಕಿಕೊಂಡಿತು. ನನಗೆ ರೋಮಾಂಚನ! ನಮ್ಮ ಮನೆಯಲ್ಲಿ ಬೆರಳು ಕುಯ್ದರೆ ಅರಿಶಿನ, ನೆಗಡಿಯಾದರೆ ಅರಿಶಿನ, ಇರುವೆ ಬಂದರೆ ಅರಿಶಿನ. ಕಾರು ಮಾತ್ರ ಏನು ಪಾಪ ಮಾಡಿತ್ತು? ಆದರೆ ಚಮಚ ಎಂಬುದು ಅರಿಶಿನವನ್ನು ಪುಡಿಕೆಯಲ್ಲಿ ಕೊಳ್ಳುವವರ ಲೆಕ್ಕ. ಚೀಲದಲ್ಲಿ ಮಾರುವವರ ಮರ್ಯಾದೆ ಏನಾಗಬೇಕು? ಈ ವರ್ಷದ ಹೊಸ ರಾಜಾಪುರಿ ಅರಿಶಿನ, ಅರ್ಧ ಕಿಲೋ, ಉದಾರವಾಗಿ ಸುರಿದೆ!

ಮೇಲೆ ನೀರು ಹಾಕಲು ಹೋದರೆ ಅವ್ವ ಅಡ್ಡ ಬಂದಳು. “ತಡಿ, ಗಾಳಿಸಿ ಕೊಡ್ತೇನಿ. ಹಂಗ ಹಾಕಿದ್ರ ಒಳಗ ಸಣ್ಣ ಸಣ್ಣ ಜೀವ ಕುದದ ಸಾಯ್ತಾವ.” ನಾವು ಜೈನರು, ಸೋಸದ ನೀರನ್ನು ಬಳಸುವುದಿಲ್ಲ ನಿಜ. ಆದರೆ ರೇಡಿಯೇಟರಿಗೂ ಬಿಳಿ ಬಟ್ಟೆ ಕಟ್ಟಿ ನೀರು ಸೋಸಿದ ಮನೆ ಇಡೀ ಸಾಂಗ್ಲಿ ಜಿಲ್ಲೆಯಲ್ಲಿ ನಮ್ಮದೊಂದೇ ಇರಬೇಕು. ಸೋಸುತ್ತ ಅವ್ವ ಆ ಹಳದಿ ಮಡ್ಡಿಯನ್ನು ಇಣುಕಿ ನೋಡಿದಳು. ಅಪ್ಪ ತೀರಿಕೊಂಡ ಮೇಲೆ ಅವಳು ಅರಿಶಿನ ಮುಟ್ಟುವುದು ಒಗ್ಗರಣೆಗೆ ಮಾತ್ರ. ಓಣಿಯ ಹೆಂಗಸರು ಅರಿಶಿನ-ಕುಂಕುಮಕ್ಕೆ ಕರೆಯಲು ಬಂದರೆ ಸೊಸೆಯನ್ನು ಕಳಿಸಿ ತಾನು ಒಳಗೆ ಕೂರುತ್ತಾಳೆ. “ಗಾಡಿಗರೆ ಬಂತ ನೋಡ ಅರಿಷಿಣದ ಯೋಗ,” ಎಂದು ಒಳಗೆ ಹೋದಳು. ನಾನು ಹಲ್ಲುಕಿರಿದೆ.

ಮರುದಿನ ಬೆಳಿಗ್ಗೆ ಕಾರಿನ ಕೆಳಗೆ ಒಂದು ಹನಿಯೂ ಇಲ್ಲ! ಕಮಲ ಕಮಲವಾಗಿಯೇ ಉಳಿದಿತ್ತು. ಕಂಡಕಂಡವರಿಗೆ ಫೋನ್ ಮಾಡಿದೆ. ಮಿರಜಿನ ಜಿನಪ್ಪ ಮಾಮಾಗೂ ಮಾಡಿದೆ. ಅವರು ಅವ್ವನ ಒಬ್ಬನೇ ಅಣ್ಣ; ಮಳೆಗಾಲದಿಂದ ಹಾಸಿಗೆ ಹಿಡಿದಿದ್ದರು, ಮೂತ್ರಕ್ಕೆ ನಳಿಗೆ ಹಾಕಿದ್ದರು. ನನ್ನ ಪರಾಕ್ರಮ ಕೇಳಿ ಕೆಮ್ಮುತ್ತ ನಕ್ಕರು.

“ಲೇ ಸಂಮೇದಾ, ನಂದೂ ಸೋರಾಕತ್ತೈತಿ! ಬರೂ ಮುಂದ ನನಗೂ ಒಂದ ಚಮಚ ಅರಿಷಿಣ ತಗೊಂಡ ಬಾ!”

ಅವ್ವ ಫೋನಿಗೆ ಕಿವಿಗೊಟ್ಟಿದ್ದಳು. ಅವಳು ನಗಲಿಲ್ಲ.

“ಅಣ್ಣನ ಧ್ವನಿ ಬರೊಬ್ಬರಿ ಇಲ್ಲ. ನಾ ಇವತ್ತ ವಡಾಪ ಹತ್ತಿ ಹೋಗಿ ಮಾರಿ ನೋಡಿ ಬರ್ತೇನಿ.”

ವಡಾಪ ಅಂದರೆ ನಮ್ಮ ಕಡೆಯ ಶೇರ್ ಆಟೋ. ಒಬ್ಬರ ಮೇಲೊಬ್ಬರು ಕುಂತರೆ ಅರ್ಧ ಊರು ಹಿಡಿಸುತ್ತದೆ. ನನ್ನ ಅಭಿಮಾನ ಕೆರಳಿತು.

“ಮನ್ಯಾಗ ಕಾರ್ ಇಟ್ಕೊಂಡ ಹೀರಾಬಾಯಿ ವಡಾಪದಾಗ ಬಂದ್ಲು ಅಂತ ಮಿರಜಿನ ಮಂದಿ ಅನಬೇಕೇನು? ರವಿವಾರ ಕಾರಿನ್ಯಾಗ ಒಯ್ತೇನಿ. ಅಲ್ಲೀತನಕ ಟೆಸ್ಟಿಂಗ್ ಆಗ್ಲಿ.”

“ಟೆಸ್ಟಿಂಗ್ ಹಿಂದಾಗಡೆ ಮಾಡ್ರಿ, ಮದಲ ಅವರನ್ನ ಕಳಸ್ರಿ,” ಎಂದಳು ಮೃಣಾಲ.

ಕಳಿಸಲಿಲ್ಲ. ನಾಲ್ಕೈದು ದಿನ ಮಾಧವನಗರದ ಓಣಿಗಳಲ್ಲಿ ಕಾರು ಸುತ್ತಿಸಿ, ಮತ್ತೆ ಮತ್ತೆ ಕೆಳಗೆ ಇಣುಕಿ, ಹನಿ ಇಲ್ಲವೆಂದು ಮೀಸೆ ತಿರುವಿದೆ. ಅವ್ವ ಅಣ್ಣನಿಗೆಂದು ಬೇಸನ್ ಉಂಡಿ ಕಟ್ಟಿ ಡಬ್ಬಿ ತುಂಬಿಟ್ಟು, ದಿನಕ್ಕೊಮ್ಮೆ ಮುಚ್ಚಳ ತೆಗೆದು ನೋಡುತ್ತಿದ್ದಳು.

ರವಿವಾರ ಬೆಳಿಗ್ಗೆ ನಾನು ಕಾರು ಒರೆಸುತ್ತಿದ್ದಾಗ ಮಾಮಾನ ಮಗ ಭರಮಣ್ಣನ ಫೋನ್ ಬಂತು.

“ಅಪ್ಪಾ ಹೋದ್ರೋ ಸಂಮೇದಾ. ಆತ್ಯಾನ್ನ ಲಗೂ ಕರಕೊಂಡ ಬಾ.”

ಆತ್ಯಾ ಅಂದರೆ ಅವನ ಸೋದರತ್ತೆ, ನಮ್ಮವ್ವ. ಲಗೂ ಅಂದರೆ ಬೇಗ, ನಿಜವಾಗಿಯೂ ಬೇಗ. ನಮ್ಮಲ್ಲಿ ಯಾರಿಗಾಗಿಯೂ ಹೆಣ ಕಾಯಿಸುವುದಿಲ್ಲ. ಜೀವ ಹೋದ ದೇಹದಲ್ಲಿ ತಡವಾದಷ್ಟೂ ಕಣ್ಣಿಗೆ ಕಾಣದ ಜೀವಗಳು ಹುಟ್ಟುತ್ತವೆ, ಸುಡುವಾಗ ಅವುಗಳ ಹಿಂಸೆಯಾಗುತ್ತದೆ ಎಂದು ನಂಬಿಕೆ. ಕಾಯಿರೆಂದು ಕೇಳುವಂತೆಯೂ ಇಲ್ಲ. ಅವ್ವ ಅಳಲಿಲ್ಲ. ಉಂಡಿ ಡಬ್ಬಿ ತೆಗೆದುಕೊಂಡು ಬಂದು ಕಾರಿನಲ್ಲಿ ಕುಳಿತಳು. “ಸುಟ್ಟ ಮ್ಯಾಲೆ ಹೋಗಿ ಏನ ನೋಡ್ಲಿ? ನಡಿ,” ಎಂದಳು.

“ರಿಕ್ಷಾ ಕರೀರಿ,” ಎಂದಳು ಮೃಣಾಲ.

“ರಿಕ್ಷಾ ಬರೂದ್ರಾಗ ನಾವು ಮಿರಜಿನ್ಯಾಗ ಇರ್ತೇವಿ!”

ಸಾಂಗ್ಲಿ ದಾಟುವವರೆಗೆ ಕಾರು ಸುಮ್ಮನೆ ಓಡಿತು. ವಿಶ್ರಾಮಬಾಗ ಬರುವಷ್ಟರಲ್ಲಿ ಹಿಂದಿನ ಸೀಟಿನಿಂದ ಮೃಣಾಲ ಬಗ್ಗಿದಳು.

“ಏನ್ರಿ, ಶಾಖದ ಮುಳ್ಳ ಕೆಂಪಿನ್ಯಾಗ ಹೋತು.”

“ಮುಳ್ಳ ಕೆಟ್ಟೈತಿ.”

“ಹೊಗಿನೂ ಕೆಟ್ಟೈತೇನ್ರಿ?”

ಬಾನೆಟ್ಟಿನಿಂದ ಹೊಗೆ ಏಳುತ್ತಿತ್ತು. ಇಂಜಿನ್ ಒಮ್ಮೆ ನರಳಿ ನಿಂತಿತು. ನಾನು ಇಳಿದು ಬಾನೆಟ್ ಎತ್ತಿದೆ. “ಎಷ್ಟೊತ್ತಾಗತೈತೋ?” ಎಂದಳು ಅವ್ವ. “ಎರಡ ಮಿನಿಟು ಅವ್ವಾ!” ಎಂದೆ. ಒದ್ದೆ ಟವೆಲ್ಲು ಸುತ್ತಿ ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಿದೆ.

“ಬಿಸಿ ಐತಿ! ತಗೀಬ್ಯಾಡ್ರಿ!” ಎಂದು ಮೃಣಾಲ ಚೀರಿದಳು.

ತೆಗೆದೆ! ಮುಚ್ಚಳ ಎಲ್ಲಿಗೆ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಅರ್ಧ ಕಿಲೋ ರಾಜಾಪುರಿ ಆಕಾಶಕ್ಕೆ ಚಿಮ್ಮಿ ನನ್ನ ಮೇಲೆ ಇಳಿಯಿತು! ತಲೆ, ಮೀಸೆ, ಬಿಳಿ ಅಂಗಿ, ಎಲ್ಲವೂ ಹಳದಿ. ಮಣಿಕಟ್ಟಿನ ಮೇಲೆ ಆಗಲೇ ಬೊಬ್ಬೆ. ರಸ್ತೆಯಂಚಿನ ಕಾಲೇಜು ಹುಡುಗರು ಮೊಬೈಲ್ ಎತ್ತಿದರು. ಉರಿಯನ್ನು ತಡೆದುಕೊಂಡು ಹಿಂದೆ ತಿರುಗಿದೆ. ಅವ್ವ ಕೆಳಗಿಳಿದು ರಸ್ತೆಯ ಕಡೆ ನೋಡುತ್ತ ನಿಂತಿದ್ದಳು. ಗಾಳಿಗೆ ಹಾರಿದ ಹನಿಗಳು ಅವಳ ಬಿಳಿ ಸೀರೆಯ ಮೇಲೆ, ನರೆಗೂದಲ ಮೇಲೆ ಬಿದ್ದಿದ್ದವು. ಒಂದು ಕೆನ್ನೆ ಪೂರ್ತಿ ಅರಿಶಿನವಾಗಿತ್ತು.

“ಸುಟ್ಟೈತೇನ ಅವ್ವಾ?” ಎಂದು ಒರೆಸಲು ಹೋದೆ.

“ಬರೂದ್ರಾಗ ಆರಿತ್ತು. ಬಿಡು. ಗಾಡಿನೂ ಬಿಡು.”

ಉಂಡಿ ಡಬ್ಬಿಯನ್ನು ಸೊಸೆಯ ಕೈಗೆ ಕೊಟ್ಟು, ರಸ್ತೆಗೆ ಕೈಯಡ್ಡ ಮಾಡಿದಳು. ಕಿಕ್ಕಿರಿದ ವಡಾಪವೊಂದು ನಿಂತಿತು. “ಆಜಿಂನಾ ಜಾಗಾ ದ್ಯಾ!” ಎಂದು ಡ್ರೈವರ್ ಕೂಗಿದ, ಜನ ಸರಿದು ಅಜ್ಜಿಗೆ ಜಾಗ ಮಾಡಿದರು. ನಾನು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಮೃಣಾಲ ಕಾರಿನ ಹತ್ತಿರ ಉಳಿದಳು. ಪಕ್ಕದ ಹೆಂಗಸು ನಮ್ಮಿಬ್ಬರನ್ನೂ ನೋಡಿ ಯಾರ ಮದುವೆಯ ಅರಿಶಿನ ಎಂದು ಮರಾಠಿಯಲ್ಲಿ ನಗುತ್ತ ಕೇಳಿದಳು. ನಮ್ಮಣ್ಣನನ್ನು ಕಳಿಸಿಕೊಡಲು ಹೊರಟಿದ್ದೇವೆ ಎಂದು ಅವ್ವ ಮರಾಠಿಯಲ್ಲೇ ಹೇಳಿದಳು. ಆ ಹೆಂಗಸು ತಲೆಗೆ ಸೆರಗು ಎಳೆದುಕೊಂಡು ಅವ್ವನಿಗೆ ಇನ್ನಷ್ಟು ಜಾಗ ಬಿಟ್ಟಳು.

ನನ್ನ ಫೋನ್ ರಿಂಗಾಯಿತು. ಮೃಣಾಲ.

“ಪೈಪಿನ ಕ್ಲಿಪ್ಪ ಸಡಲ ಆಗಿತ್ರಿ. ಕೈಗೆ ಸೆರಗ ಸುತ್ತಕೊಂಡ, ನಾಣ್ಯದ ತುದಿಲೆ ತಿರುವಿದೆ. ಬಿಗಿ ಆತು.”

“ಅಲ್ಲಾ, ಅರಿಷಿಣ ಹಾಕಿದ ಮ್ಯಾಲೆ ಸೋರೂದು ನಿಂತಿತ್ತಲ್ಲ!”

“ಸೋರೂದೂ ನಿಂತಿತ್ತು, ಒಳಗ ಹರಿಯೂದೂ ನಿಂತಿತ್ತು. ಫೋನ್ ಇಡ್ರಿ. ಅತ್ತಿಯವರ ಕೈ ಹಿಡಕೋರಿ.”

ಹಿಡಿದುಕೊಂಡೆ. ಅವ್ವನ ಕೈ ತಣ್ಣಗಿತ್ತು. ವಡಾಪ ಹತ್ತಿದ್ದರಿಂದಲೇ ನಾವು ಮಿರಜ್ ಮುಟ್ಟಿದೆವು. ಇದೇ ವಡಾಪವನ್ನು ಅವತ್ತೇ ಹತ್ತಿಸಿದ್ದರೆ ಅಣ್ಣ ತಂಗಿ ಉಂಡಿ ತಿನ್ನುತ್ತ ನನ್ನನ್ನು ಆಡಿಕೊಂಡು ನಗುತ್ತಿದ್ದರು. ನನಗೆ ನಾಚಿಕೆಯಾಯಿತು. ಸುಟ್ಟ ಮಣಿಕಟ್ಟಿಗಿಂತ ಅದು ಹೆಚ್ಚು ಉರಿಯಿತು.

ಮಾಮಾನ ಓಣಿಯ ತಿರುವಿನಲ್ಲಿ ವಡಾಪ ತಟ್ಟನೆ ನಿಂತಿತು. ಎದುರಿಗೆ ಶವಯಾತ್ರೆ. ಮುಂದೆ ಬೆಂಕಿಯ ಮಡಕೆ ಹಿಡಿದು ಬರುತ್ತಿದ್ದವನು ಭರಮಣ್ಣ. ನಾನು ಗುರುತು ಹಿಡಿಯುವ ಮೊದಲೇ ಅವ್ವ ಇಳಿದು ನಡುರಸ್ತೆಯಲ್ಲಿದ್ದಳು.

“ಆತ್ಯಾ, ಭಾಳ ಹಾದಿ ನೋಡಿದ್ವಿ...” ಎಂದ ಭರಮಣ್ಣ. ಅವನ ಕಣ್ಣು ಅವಳ ಕೆನ್ನೆಯ ಮೇಲೆ, ಆಮೇಲೆ ನನ್ನ ಮೇಲೆ ನಿಂತಿತು. ಜನರೆಲ್ಲ ನನ್ನನ್ನೇ ನೋಡುತ್ತಿದ್ದರು. ಸಾವಿನ ಮೆರವಣಿಗೆಗೆ ಮದುಮಗ ಬಂದಿದ್ದ! ಹಿರಿಯರೊಬ್ಬರು “ಇಳಸ್ರಿ, ತಂಗಿ ಬಂದಾಳ,” ಎಂದರು. ಚಟ್ಟವನ್ನು ಕೆಳಗಿಟ್ಟರು.

ಅವ್ವ ಕುಳಿತು ಅಣ್ಣನ ಮುಖವನ್ನು ನೋಡಿದಳು. ಸಾಕಾಗುವಷ್ಟು ಹೊತ್ತು ನೋಡಿದಳು. ಯಾರೂ ಅವಸರ ಮಾಡಲಿಲ್ಲ. ಆಮೇಲೆ ತನ್ನ ಕೆನ್ನೆಯ ಮೇಲಿನ ಅರಿಶಿನವನ್ನು ಬೆರಳಲ್ಲಿ ತೆಗೆದು ಅವರ ಹಣೆಗೆ ಹಚ್ಚಿದಳು.

“ತಗೋ ಅಣ್ಣಾ, ಒಂದ ಚಮಚ ಅರಿಷಿಣ ಬೇಡಿದ್ದೆಲ್ಲ. ಟೆಸ್ಟಿಂಗ್ ಆಗೂದ್ರಾಗ ತಡಾ ಆತು.”

ಭರಮಣ್ಣನಿಗೆ ಆ ಚಮಚದ ಮಾತು ಗೊತ್ತಿತ್ತು. ಮಾಮಾ ಬಂದವರಿಗೆಲ್ಲ ಅದನ್ನೇ ಹೇಳಿ ನಗುತ್ತಿದ್ದರಂತೆ. ಅವನು ಫಕ್ಕನೆ ನಕ್ಕ, ನಗುತ್ತಲೇ ಹೋ ಎಂದು ಅತ್ತ. ನಾನೂ ಅತ್ತೆ. ಹಳದಿ ಕಣ್ಣೀರು ಮೀಸೆಯಿಂದ ಇಳಿದು ಅಂಗಿಯ ಮೇಲೆ ಬೀಳುತ್ತಿತ್ತು.

ಚಟ್ಟ ಎತ್ತುವಾಗ ಒಂದು ಮೂಲೆ ಖಾಲಿ ಉಳಿಯಿತು. ಅದು ಸೋದರಳಿಯನ ಜಾಗ. ಎಲ್ಲರೂ ನನ್ನ ಕಡೆ ನೋಡಿದರು. ಈ ಕೈಯಿಂದ ಮುಟ್ಟಲೋ ಬೇಡವೋ ಎಂದು ನಾನು ಹಿಂದೆ ಸರಿದೆ. ಅವ್ವ ಬೆನ್ನಿಗೆ ಕೈಯಿಟ್ಟು ನನ್ನನ್ನು ಮುಂದಕ್ಕೆ ದೂಡಿದಳು.

“ಹೋಗು, ಹೆಗಲ ಕೊಡು. ಹೆದರಬ್ಯಾಡ, ಇದಕ್ಕ ಇಂಜಿನ್ ಇಲ್ಲ.”