ನಾನು ಗಾಳಿ ಹಂಚಿದ್ದು

ನೋಯ್ಡಾದ ಕಂಪನಿಯಲ್ಲಿ ನನ್ನ ಉದ್ಯೋಗ ಗಾಳಿ ಹಂಚುವುದು. ನಗಬೇಡಿ! ಮೊಬೈಲ್ ಮಾತುಗಳು ಗಾಳಿಯಲ್ಲಿ ಅಲೆಗಳಾಗಿ ಹೋಗುತ್ತವೆ. ಅಲೆಗಳಿಗಿರುವ ದಾರಿ ಕಡಿಮೆ, ಬಳಸುವವರು ಹೆಚ್ಚು. ಯಾರಿಗೆ ಯಾವಾಗ ಅಗತ್ಯವೋ ಅವರಿಗೆ ಆಗ ದಾರಿ ಬಿಡಬೇಕು. ಊಟದ ಪಂಕ್ತಿಗೆ ಹೊಸಬರು ಬಂದರೆ ಉಳಿದವರು ಸ್ವಲ್ಪ ಸರಿದು ಕೂರುತ್ತಾರಲ್ಲ, ಅದೇ ತತ್ವ. ಈ ಸರಿದು ಕೂರುವಿಕೆಯ ಬಗ್ಗೆ ನಲವತ್ತು ಪುಟದ ವರದಿ ಬರೆದು ಚಪ್ಪಾಳೆ ಗಿಟ್ಟಿಸಿದವನು ನಾನು.

ಹೀಗಿರುವಾಗ ಮಗಳ ನಾಮಕರಣ ಬಂತು. ಚೊಚ್ಚಲ ಹೆರಿಗೆಗೆ ನನ್ನ ಹೆಂಡತಿ ಶೈಲಾ ದಾವಣಗೆರೆಯ ತವರಿಗೆ ಹೋಗಬೇಕಿತ್ತು. ಆದರೆ ಅತ್ತೆಯವರು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದರಿಂದ ಹೆರಿಗೆ ಇಲ್ಲೇ ಆಯಿತು. ಅವರಿನ್ನೂ ಮೊಮ್ಮಗಳ ಮುಖ ನೋಡಿರಲಿಲ್ಲ. ಅವರನ್ನು ಅಲ್ಲಿ ಪಕ್ಕದ ಮನೆಯ ಕಂಪ್ಯೂಟರಿನ ಮುಂದೆ ಕೂರಿಸಿ, ಇಲ್ಲಿಂದ ಲ್ಯಾಪ್‌ಟಾಪಿನಲ್ಲಿ ಮಗುವನ್ನೂ ನಾಮಕರಣವನ್ನೂ ಒಟ್ಟಿಗೇ ತೋರಿಸುವುದೆಂದು ಏರ್ಪಾಡಾಯಿತು.

"ಅಮ್ಮ ನೋಡದೆ ಹೆಸರಿಡೋದಿಲ್ಲ, ಹೇಳಿಬಿಟ್ಟಿದೀನಿ," ಎಂದಳು ಶೈಲಾ. ಕಣ್ಣಲ್ಲಿ ನೀರಿತ್ತು.

"ವೈರ್‌ಲೆಸ್ ಇಂಜಿನಿಯರ್ ಮನೇಲಿ ಇದೂ ಒಂದು ಸಮಸ್ಯೆನಾ?"

ಹೊಸ ವೈಫೈ ಡಬ್ಬಿ ತಂದೆ. ಜೊತೆಗೆ ಉದ್ದನೆಯ ನೀಲಿ ವೈರೊಂದು ಬಂದಿತ್ತು. "ಇದು ಹಳೇ ಕಾಲದವರಿಗೆ," ಎಂದು ಮೂಲೆಗೆಸೆದೆ. ಶೈಲಾ ಅದನ್ನು ಬಾಲ್ಕನಿಯಲ್ಲಿ ಕಟ್ಟಿ ಮಗುವಿನ ಲಂಗೋಟಿ ಒಣಹಾಕಿದಳು.

ಮೂರು ದಿನ ಮುಂಚೆ ಪರೀಕ್ಷೆ ನಡೆಸಿದೆವು. "ಏನಮ್ಮಾ..." ಎಂದು ಬಾಯ್ತೆರೆದ ಅತ್ತೆಯವರು ಹಾಗೇ ನಿಂತರು. ಎರಡು ನಿಮಿಷವಾದರೂ ಬಾಯಿ ಮುಚ್ಚಲಿಲ್ಲ! ಕಾರಣ ಹುಡುಕಿದೆ. ನಮ್ಮ ಕಟ್ಟಡದ ಉಳಿದ ಎಂಟೂ ಮನೆಗಳ ಡಬ್ಬಿಗಳು ಅಂಗಡಿಯಿಂದ ಬಂದಂತೆಯೇ ಆರನೇ ಚಾನಲ್ಲಿನಲ್ಲಿ, ಅಂದರೆ ಅಲೆಯ ಒಂದೇ ದಾರಿಯಲ್ಲಿ, ಕೂತು ಒಂದನ್ನೊಂದು ತಳ್ಳಾಡುತ್ತಿದ್ದವು. ನನ್ನದೂ ಅಲ್ಲೇ ಕೂತಿತ್ತು.

ಒಂದು, ಆರು, ಹನ್ನೊಂದು. ಈ ಮೂರರಲ್ಲಿ ಹಂಚಿಕೊಂಡರೆ ಒಬ್ಬರದು ಇನ್ನೊಬ್ಬರಿಗೆ ಅಷ್ಟಾಗಿ ತಾಗುವುದಿಲ್ಲ. ಪಟ್ಟಿ ತಯಾರಿಸಿ ಲಿಫ್ಟಿನಲ್ಲಿ ಅಂಟಿಸಿದೆ. ಮನೆಮನೆಗೂ ಹೋಗಿ ಚಾನಲ್ ಬದಲಿಸುವ ವಿದ್ಯೆ ಕಲಿಸಿದೆ. ಎಂಟು ಮನೆ, ಎಂಟು ಚಹಾ.

ಮೇಲಿನ ಮನೆಯ ಖನ್ನಾ ಆಂಟಿಗೆ ಆರು ಬಂದಿತ್ತು. "ಬೇಟಾ, ಗ್ಯಾರಾ ದೇ ದೋ. ಶಗುನ್ ಹೋತಾ ಹೈ," ಎಂದರು. ಈ ಕಡೆಯವರಿಗೆ ಮುಯ್ಯಿಯಾದರೂ ಹನ್ನೊಂದು, ಇಪ್ಪತ್ತೊಂದು ಹೀಗೆ ಮೇಲೊಂದು ಇದ್ದರೇ ಶುಭ. ಹೋಗಲಿ ಪಾಪ ಎಂದು ಹನ್ನೊಂದು ಕೊಟ್ಟೆ. ಸಂಜೆ ಎದುರು ಮನೆಯ ಶರ್ಮಾಜಿ ಬಾಗಿಲು ಬಡಿದರು.

"ಉನ್ಕೋ ಗ್ಯಾರಾ, ಹಮ್ಕೋ ಛೇ? ಹಮ್ನೇ ಕ್ಯಾ ಬಿಗಾಡಾ, ಭಾಯಿಸಾಬ್?"

ಆಂಟಿಗೆ ಹನ್ನೊಂದು, ತಮಗೆ ಮಾತ್ರ ಆರೇ ಎಂಬುದು ಅವರ ದೂರು. ಅವರಿಗೂ ಹನ್ನೊಂದು. ಕತ್ತಲಾಗುವಷ್ಟರಲ್ಲಿ ಎಂಟೂ ಮನೆಗೆ ಹನ್ನೊಂದು! ಒಂದರಲ್ಲಿ ಉಳಿದವನು ನಾನೊಬ್ಬನೇ. ನನ್ನ ಲ್ಯಾಪ್‌ಟಾಪಿನ ಚಿತ್ರ ಮಾತ್ರ ಕನ್ನಡಿಯಂತೆ ಬಂತು. ಸಂಕೋಚವಾಯಿತು ಎಂದರೆ ಸುಳ್ಳಾಗುತ್ತದೆ.

ನಾಮಕರಣದ ಬೆಳಿಗ್ಗೆ ಲಿಫ್ಟಿನ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದಿದ್ದ ಒಂದು ಎಂಬ ಅಂಕೆ ಶರ್ಮಾಜಿಯ ಕಣ್ಣಿಗೆ ಬಿತ್ತು. ಒಂದನೇ ನಂಬರು! ದೆಹಲಿಯ ಮಗ್ಗುಲಲ್ಲಿ ಬದುಕುವವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕೇ? ವಿಐಪಿ ನಂಬರನ್ನು ಇಂಜಿನಿಯರ್ ಸಾಹೇಬರು ತಾವೇ ಇಟ್ಟುಕೊಂಡರೆಂಬ ಸುದ್ದಿ ಲಿಫ್ಟಿಗಿಂತ ಬೇಗ ಇಳಿಯಿತು. ಬದಲಿಸುವ ವಿದ್ಯೆ ನಾನೇ ಕಲಿಸಿದ್ದೆನಲ್ಲ. ಎಲ್ಲರೂ ಒಂದಕ್ಕೆ ಬಂದು, ಆಮೇಲೆ ನಾಮಕರಣಕ್ಕೂ ಬಂದರು.

ದೆಹಲಿಯ ಲೋಧಿ ಕಾಲೋನಿಯಿಂದ ಬಂದಿದ್ದ ಪುರೋಹಿತರು, "ಯಜಮಾನರೇ, ಮಗುವಿನ ಕಿವಿಯಲ್ಲಿ ಹೆಸರು ಹೇಳಿ," ಎಂದರು. ಅದೇ ಗಳಿಗೆಗೆ ಅತ್ತೆಯವರು ಆಶೀರ್ವಾದದ ಕೈಯೆತ್ತಿ ಶಿಲೆಯಾದರು! ನಾನು ಮಗುವನ್ನು ಬಿಟ್ಟು ಲ್ಯಾಪ್‌ಟಾಪಿಗೆ ಹಾರಿ ಆರನೇ ಚಾನಲ್ ಒತ್ತಿದೆ. ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದ ಶರ್ಮಾಜಿ, "ಛೇ? ಅಚ್ಛಾ!" ಎಂದು ಮನೆಗೆ ಫೋನ್ ಹಚ್ಚಿದರು. ಅವರನ್ನು ನೋಡಿ ಉಳಿದವರೂ ಹಚ್ಚಿದರು. ಆರೂ ಕೆಟ್ಟಿತು. ಬಾಲ್ಕನಿ ಬಾಗಿಲ ಬಳಿಯಿದ್ದ ಡಬ್ಬಿಯನ್ನೇ ಆರಿಸಿ ಹಚ್ಚೋಣವೆಂದು ಓಡಿದರೆ ಒದ್ದೆ ಲಂಗೋಟಿಗಳು ಮುಖಕ್ಕೆ ಬಡಿದವು.

"ಮುಹೂರ್ತ ಮೀರ್ತಾ ಇದೆ, ಸ್ವಾಮಿ!" ಎಂದರು ಪುರೋಹಿತರು.

ಶೈಲಾ ಮಗುವನ್ನು ಅವಚಿಕೊಂಡು ಅಳತೊಡಗಿದಳು. "ಆಂಟಿ, ಮೇರಿ ಅಮ್ಮಾ ನೇ ಬಚ್ಚಿ ಕೋ ದೇಖಾ ನಹೀ."

ಅಜ್ಜಿಯೇ ಮಗುವನ್ನು ನೋಡಿಲ್ಲವೆಂದು ಕೇಳಿದ್ದೇ ತಡ, ಖನ್ನಾ ಆಂಟಿ ಎದ್ದು ನಿಂತರು. "ಅರೇ! ನಾನಿ ನೇ ದೇಖಾ ನಹೀ? ಚಲೋ, ಸಬ್ ಅಪನಾ ಡಬ್ಬಾ ಬಂದ್ ಕರೋ! ಅಭೀ!"

ಶರ್ಮಾಜಿಯೇ ಮೊದಲು ಓಡಿದರು. ಎರಡೇ ನಿಮಿಷದಲ್ಲಿ ನಮ್ಮದೊಂದನ್ನು ಬಿಟ್ಟು ಕಟ್ಟಡದ ಡಬ್ಬಿಗಳೆಲ್ಲ ಆರಿದವು. ಅತ್ತೆಯವರು ಎತ್ತಿದ ಕೈ ಇಳಿಸಿ, "ನನ್ನ ಬಂಗಾರಿ!" ಎಂದರು. ನಾನು ಬಗ್ಗಿ ಮಗುವಿನ ಕಿವಿಯಲ್ಲಿ ಮೂರು ಸಲ ಗಂಗಾ ಎಂದೆ. ಅದು ಅತ್ತೆಯವರ ತಾಯಿಯ ಹೆಸರು. ಅಲ್ಲಿ ಅವರು ಅತ್ತರು, ಇಲ್ಲಿ ನಾನೂ ಅತ್ತೆ. ನನ್ನ ನಲವತ್ತು ಪುಟಗಳಿಂದ ಆಗದ್ದನ್ನು ಆಂಟಿ ಒಂದೇ ಕೂಗಿನಲ್ಲಿ ಮಾಡಿದ್ದರು.

ಸಂಜೆ ಬಾಲ್ಕನಿಯಲ್ಲಿ ಶೈಲಾ ಕೇಳಿದಳು. "ರೀ, ನಿಜವಾಗ್ಲೂ ಈ ನೀಲಿ ವೈರು ಯಾತಕ್ಕೆ?"

"ಒಂದು ತುದಿ ಡಬ್ಬಿಗೆ, ಇನ್ನೊಂದು ಲ್ಯಾಪ್‌ಟಾಪಿಗೆ ಸಿಗಿಸೋಕೆ."

"ಸಿಗಿಸಿದ್ರೆ?"

"ಸಿಗಿಸಿದ್ರೆ... ಚಾನಲ್ಲೇ ಬೇಕಾಗಲ್ಲ. ಯಾರೂ ಅಡ್ಡ ಬರಲ್ಲ."

ಅವಳು ಒದ್ದೆ ಲಂಗೋಟಿಗಳ ಬಕೆಟ್ಟನ್ನು ನನ್ನ ಕೈಗಿತ್ತಳು.

"ಒಣಹಾಕಿ. ಒಂದಕ್ಕೊಂದು ತಾಗದ ಹಾಗೆ ಹಂಚಿ ಹಾಕಿ, ಇಂಜಿನಿಯರೇ."

ಹಾಕಿದೆ. ಅಲ್ಲೂ ಕೊನೆಯ ಎರಡಕ್ಕೆ ಜಾಗ ಸಾಲಲಿಲ್ಲ!