ನಾಯಿಯ ಹೇನು

ಮಹಡಿ ಮನೆಯ ಅಜ್ಜಿ ಕಂಬಳಿ ಉಂಡೆಯಂಥ ತಮ್ಮ ನಾಯಿಯನ್ನು ಎತ್ತಿಕೊಂಡು ಸಲೂನಿಗೆ ಬಂದಾಗ ಮಧ್ಯಾಹ್ನ. ಗಿರಾಕಿಗಳಿರಲಿಲ್ಲ. ಬೀದಿಯವರೆಲ್ಲ ಕತ್ತರಿ ಮಾಮ ಎಂದು ಕರೆಯುವ ಸಲೂನಿನವನು ಕುರ್ಚಿಯಲ್ಲೇ ತೂಕಡಿಸುತ್ತಿದ್ದ.

"ಇದಕ್ಕೆ ಮೈತುಂಬ ಹೇನು ಕಣಯ್ಯ. ಕೂದಲು ತೆಗೆಸಿ ಔಷಧಿ ಹಚ್ಚಿ ಅಂದ್ರು ದನದ ಡಾಕ್ಟ್ರು. ಒಂಚೂರು ಮಷೀನು ಹೊಡೆದುಬಿಡು."

"ಅಯ್ಯೋ ಅಜ್ಜಿ, ಯಾರಾದ್ರೂ ನೋಡಿದ್ರೆ ನನ್ನ ಕತೆ ಮುಗೀತು!"

"ಅಂಗಡಿ ಯಾರದ್ದು?"

ಬಾಡಿಗೆಗೆ ಹಿಡಿದ ಅಂಗಡಿ ಅಜ್ಜಿಯದೇ. ಮಾಮ ತೆಪ್ಪಗೆ ಬಾಗಿಲು ಮುಚ್ಚಿ, ನಾಯಿಯನ್ನು ಕುರ್ಚಿಯಲ್ಲಿ ಕೂರಿಸಿ ಕೊರಳಿಗೆ ಬಿಳಿ ಬಟ್ಟೆ ಕಟ್ಟಿದ. ಮಷೀನು ಗುರ್ ಎಂದಿತು. ನಾಯಿ ಅದಕ್ಕಿಂತ ಜೋರಾಗಿ ಗುರ್ ಎಂದಿತು. ಒಂದು ಮಗ್ಗುಲು ಬೋಳಾಗುವಷ್ಟರಲ್ಲಿ ಚಂಗನೆ ಕಿಟಕಿಯಿಂದ ಹಾರಿ, ಕಟಿಂಗಿನ ನಡುವೆ ಜಗಳವಾಡಿ ಎದ್ದುಹೋದ ಗಿರಾಕಿಯಂತೆ ಬಟ್ಟೆಸಮೇತ ಬೀದಿಯುದ್ದಕ್ಕೂ ಓಡಿತು.

"ಹೇನಿನ ನಾಯಿಗೆ ಕಟ್ಟಿರೋ ಆ ಬಟ್ಟೇನ ನಿನ್ನೆ ನನ್ನ ಕೊರಳಿಗೆ ಕಟ್ಟಿದ್ದ!" ಎಂದು ಎದುರಂಗಡಿಯ ಟೈಲರ್ ಚೀರಿ ತಲೆ ಕೆರೆದುಕೊಂಡ. ಅವನನ್ನು ನೋಡಿ ಬೇಕರಿಯವನು ಕೆರೆದುಕೊಂಡ. ಸಂಜೆಯ ಹೊತ್ತಿಗೆ ಇಡೀ ಬೀದಿಯೇ ಪರಪರ ಕೆರೆದುಕೊಳ್ಳುತ್ತ ಸಲೂನಿನ ಮುಂದೆ ನಿಂತಿತ್ತು.

"ನಾಯಿ ಹೇನನ್ನ ನಮ್ಮ ತಲೆಗೆ ಹತ್ತಿಸಿದ್ಯಲ್ಲೋ ಮಾಮ! ಇನ್ಮೇಲೆ ನಿನ್ನ ಅಂಗಡಿ ಮೆಟ್ಟಿಲು ತುಳಿಯಲ್ಲ!"

ಮಾಮ ಎದ್ದೆನೋ ಬಿದ್ದೆನೋ ಎಂದು ಓಡಿ ದನದ ಡಾಕ್ಟರನ್ನೇ ಕರೆತಂದ.

"ರೀ, ನಾಯಿ ಹೇನು ಮನುಷ್ಯರ ಮೇಲೆ ಬದುಕಲ್ಲ," ಡಾಕ್ಟರು ಗದರಿದರು. "ಕುರಿ ಹೇನು ಕುರಿ ಮೇಲೆ, ಕೋಳಿ ಹೇನು ಕೋಳಿ ಮೇಲೆ. ನಿಮಗಿರೋದು ಬರೀ ಭ್ರಮೆ."

"ಹಾಗಿದ್ರೆ ನೀವೇ ಕೂತು ಕಟಿಂಗ್ ಮಾಡಿಸ್ಕೊಳ್ಳಿ ನೋಡೋಣ," ಎಂದ ಟೈಲರ್.

"ಓಹೋ, ಕೂತೆ! ಅದೇ ಕುರ್ಚಿ, ಅದೇ ಮಷೀನು. ನನ್ನ ತಲೇಲಿ ಒಂದೇ ಒಂದು ಹೇನು ಸಿಕ್ಕಿದ್ರೂ ನೀವು ಹೇಳಿದ್ದೇ ನಿಜ ಅಂತ ಬರ್ಕೊಡ್ತೀನಿ!"

ಮಾಮನಿಗೆ ಹೋದ ಜೀವ ಬಂದಂತಾಯಿತು. ಭಕ್ತಿಯಿಂದ ಡಾಕ್ಟರ ಕೂದಲಿಗೆ ಬಾಚಣಿಗೆ ಹಾಕಿ ಒಮ್ಮೆ ಎಳೆದ. ಹಲ್ಲುಗಳ ನಡುವೆ ದಷ್ಟಪುಷ್ಟವಾದ ಹೇನೊಂದು ಕಾಲಾಡಿಸುತ್ತಿತ್ತು. ಹಿಂದೆಯೇ ಇನ್ನೆರಡು. ಬಗ್ಗಿ ನೋಡಿದರೆ ಕಿವಿಯ ಹಿಂದೆ ಸೀರುಗಳ ಸಾಲೇ ಇದೆ! ಇವತ್ತು ಬಂದು ಹೂಡಿದ ಸಂಸಾರವಲ್ಲ ಅದು. ಹಾಗೆಂದರೆ ನಂಬುವವರು ಯಾರು?

"ಯಾಕೆ ಮಾಮ, ಕೈ ನಿಂತುಹೋಯ್ತು?" ಟೈಲರ್ ಕತ್ತು ಚಾಚಿದ.

ಮಾಮ ಬಾಚಣಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಹೆದರ್ತೀಯಾಕಯ್ಯಾ, ನಾನಿಲ್ವಾ!" ಎಂದು ಡಾಕ್ಟರು ಆ ಕೈಯನ್ನು ಹಿಡಿದೆಳೆದು, ಬಾಚಣಿಗೆಯನ್ನು ಎಲ್ಲರಿಗೂ ಕಾಣುವಂತೆ ದೀಪದ ಬೆಳಕಿಗೆ ಎತ್ತಿ ಹಿಡಿದರು.